ಪಿಎಚ್‌ಡಿಗೆ ದುಡ್ಡು ಹೊಂದಿಸುವುದು ಹೇಗೆ? ತುಮಕೂರು ಕಡೆಯ ಸಮಾಜ ವಿಜ್ಞಾನ ವಿದ್ಯಾರ್ಥಿಗಳಿಗೆ

ಸಮಾಜಶಾಸ್ತ್ರ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಇತಿಹಾಸ, ಸಮಾಜಕಾರ್ಯದಲ್ಲಿ ಎಂ.ಎ. ಮುಗಿಸಿದವರು ಸಾಮಾನ್ಯವಾಗಿ ಕೇಳುವುದು ಒಂದೇ ಪ್ರಶ್ನೆ: ಯಾವ ಫೆಲೋಶಿಪ್‌ಗೆ ಅರ್ಜಿ ಹಾಕಬಹುದು? ಪಟ್ಟಿ ಕೊಡುವುದು ಸುಲಭ. ಆದರೆ ತುಮಕೂರು, ಶಿರಾ, ಮಧುಗಿರಿ, ಪಾವಗಡದ ಕಡೆಯವರಿಗೆ ಫೆಲೋಶಿಪ್ ಕೈತಪ್ಪುವುದಕ್ಕೆ ಪಟ್ಟಿ ಗೊತ್ತಿಲ್ಲದಿರುವುದು ಕಾರಣವಾಗುವುದು ಕಡಿಮೆ. ಯಾವ ಕೆಲಸ ಮೊದಲು, ಯಾವುದು ಆಮೇಲೆ ಎನ್ನುವುದು ಅದಲುಬದಲಾಗಿ ತಪ್ಪುವುದೇ ಜಾಸ್ತಿ. ವಯಸ್ಸು ಮೀರುವ ಹೊತ್ತಿಗೆ ನೆಟ್, ಅಂದರೆ ರಾಷ್ಟ್ರೀಯ ಅರ್ಹತಾ ಪರೀಕ್ಷೆ, ಬರೆಯಲು ಕೂರುತ್ತಾರೆ. ಪಾರ್ಟ್ ಟೈಮ್ ಸೇರಿಬಿಟ್ಟು ಫುಲ್ ಟೈಮ್‌ನವರ ಫೆಲೋಶಿಪ್ ಹುಡುಕುತ್ತಾರೆ. ಅರ್ಜಿಯ ಕೊನೇ ದಿನ ನಾಡಕಚೇರಿಗೆ ಓಡುತ್ತಾರೆ. ಆದ್ದರಿಂದ ಕೆಲಸಗಳನ್ನು ಮಾಡಬೇಕಾದ ಕ್ರಮದಲ್ಲೇ ಇಲ್ಲಿ ಹೇಳುತ್ತಾ ಹೋಗುತ್ತೇನೆ.

ಮೊದಲ ತೀರ್ಮಾನ: ಫುಲ್ ಟೈಮೋ, ಪಾರ್ಟ್ ಟೈಮೋ

ನಮ್ಮ ಕಡೆ ಪಿಎಚ್‌ಡಿ ಮಾಡುವವರಲ್ಲಿ ಬಹಳ ಜನ ಅತಿಥಿ ಉಪನ್ಯಾಸಕರು. ಹಗಲು ಡಿಗ್ರಿ ಕಾಲೇಜಿನಲ್ಲಿ ಪಾಠ, ರಾತ್ರಿ ಮತ್ತು ಭಾನುವಾರ ಸಂಶೋಧನೆ. ಮನೆ ನಡೆಯಬೇಕಲ್ಲ, ಅದರಲ್ಲಿ ತಪ್ಪೇನೂ ಇಲ್ಲ. 2022ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಪಿಎಚ್‌ಡಿ ನಿಯಮ ಪಾರ್ಟ್ ಟೈಮ್‌ಗೆ ಅವಕಾಶ ಕೊಟ್ಟಿದೆ. ಕೆಲಸ ಮಾಡುವ ಜಾಗದಿಂದ ಅಭ್ಯಂತರವಿಲ್ಲ ಎನ್ನುವ ಎನ್‌ಒಸಿ ತರಬೇಕು.

ಆದರೆ ತಿಂಗಳು ತಿಂಗಳು ದೊಡ್ಡ ಮೊತ್ತ ಕೊಡುವ ಫೆಲೋಶಿಪ್‌ಗಳು ಫುಲ್ ಟೈಮ್‌ನವರಿಗೆ ಮಾತ್ರ. ಅದನ್ನು ಪಡೆಯುವಾಗ ಬೇರೆ ಕಡೆ ಸಂಬಳ ತೆಗೆದುಕೊಳ್ಳುವ ಹಾಗಿಲ್ಲ. ಎರಡು ಫೆಲೋಶಿಪ್ ಒಟ್ಟಿಗೆ ಪಡೆಯುವ ಹಾಗೂ ಇಲ್ಲ. 'ಯಾರಿಗೆ ಗೊತ್ತಾಗುತ್ತೆ ಬಿಡಿ' ಎನ್ನುವವರು ಸಿಗುತ್ತಾರೆ. ಈಗ ಎಲ್ಲ ಪಾವತಿಗೂ ಆಧಾರ್ ಜೋಡಣೆ ಇದೆ. ಗೊತ್ತಾದರೆ ಕೊಟ್ಟ ಹಣವನ್ನೂ ವಾಪಸ್ ಕೇಳುತ್ತಾರೆ.

ಒಂದು ಲೆಕ್ಕ ಹಾಕಿ ನೋಡಿ. ನೆಟ್‌ನಲ್ಲಿ ಮುಂದಿನ ಸಾಲಿನ ಅಂಕ ಪಡೆದವರಿಗೆ ಸಿಗುವ ಕಿರಿಯ ಸಂಶೋಧನಾ ಫೆಲೋಶಿಪ್ಪೇ ಜೆಆರ್‌ಎಫ್. ಜೆಆರ್‌ಎಫ್ ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಮುಂದಿನ ಮೂರು ವರ್ಷ 42,000. ಈ ದರ 2023ರ ಜನವರಿಯಿಂದ ಜಾರಿಯಲ್ಲಿದೆ. ಐದು ವರ್ಷಕ್ಕೆ ಒಟ್ಟು 24 ಲಕ್ಷ. ಹಾಸ್ಟೆಲ್‌ನಲ್ಲಿ ಇಲ್ಲದಿದ್ದರೆ ಮನೆ ಬಾಡಿಗೆ ಭತ್ಯೆ ಬೇರೆ. ಇದರ ಎದುರಿಗೆ ನಿಮ್ಮ ಈಗಿನ ಗೌರವಧನವನ್ನು ಇಟ್ಟು ನೋಡಿ. ಕಾಲೇಜಿಗೆ ರಜೆ ಬಂದಾಗ ಅದು ನಿಲ್ಲುವುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಜೆಆರ್‌ಎಫ್‌ಗೆ ಅರ್ಹತೆ ಇರುವವರು ಅದಕ್ಕೆ ಒಂದೆರಡು ಸಲ ಗಟ್ಟಿಯಾಗಿ ಪ್ರಯತ್ನ ಪಡದೆ ಪಾರ್ಟ್ ಟೈಮ್‌ಗೆ ಸೇರಬಾರದು ಎನ್ನುವುದು ನನ್ನ ಅಭಿಪ್ರಾಯ.

ಅವಧಿಯ ವಿಷಯವೂ ತಿಳಿದಿರಲಿ. ಪಿಎಚ್‌ಡಿಗೆ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಮರುನೋಂದಣಿ ಮಾಡಿಸಿದರೆ ಇನ್ನೂ 2 ವರ್ಷ ಸಿಗುತ್ತದೆ. ಮಹಿಳೆಯರಿಗೆ ಮತ್ತು ಶೇ 40ಕ್ಕಿಂತ ಹೆಚ್ಚಿನ ಅಂಗವಿಕಲತೆ ಇರುವವರಿಗೆ ಅದರ ಮೇಲೂ 2 ವರ್ಷದ ರಿಯಾಯಿತಿ ಇದೆ. ಹೆರಿಗೆ ಮತ್ತು ಮಕ್ಕಳ ಆರೈಕೆಗೆ ಒಟ್ಟು 240 ದಿನಗಳವರೆಗೆ ರಜೆ ತೆಗೆದುಕೊಳ್ಳಬಹುದು. ಮದುವೆ, ಮಗು ಅಂದ ತಕ್ಷಣ 'ಇನ್ನು ಪಿಎಚ್‌ಡಿ ಆದಹಾಗೆ' ಎಂದು ಹೇಳುವ ಅತ್ತೆ ಮಾವಂದಿರಿಗೂ, ಕೆಲವು ಗೈಡ್‌ಗಳಿಗೂ ಈ ನಿಯಮವನ್ನು ಪ್ರಿಂಟ್ ತೆಗೆದು ತೋರಿಸಬೇಕು.

ನೆಟ್: ಮೂರು ಪಟ್ಟಿ, ದುಡ್ಡಿರುವುದು ಒಂದರಲ್ಲಿ ಮಾತ್ರ

ಯುಜಿಸಿ ನೆಟ್ ವರ್ಷಕ್ಕೆ ಎರಡು ಸಲ ನಡೆಯುತ್ತದೆ, ಜೂನ್ ಮತ್ತು ಡಿಸೆಂಬರ್ ಹೆಸರಿನಲ್ಲಿ. 2024ರ ಜೂನ್ ಸರದಿಯಿಂದ ಫಲಿತಾಂಶ ಮೂರು ಪಟ್ಟಿಯಲ್ಲಿ ಬರುತ್ತಿದೆ. ಮೊದಲನೆಯದು ಜೆಆರ್‌ಎಫ್ ಜೊತೆಗೆ ಸಹಾಯಕ ಪ್ರಾಧ್ಯಾಪಕ ಅರ್ಹತೆ. ಎರಡನೆಯದು ಸಹಾಯಕ ಪ್ರಾಧ್ಯಾಪಕ ಅರ್ಹತೆ ಮತ್ತು ಪಿಎಚ್‌ಡಿ ಪ್ರವೇಶ. ಮೂರನೆಯದು ಪಿಎಚ್‌ಡಿ ಪ್ರವೇಶ ಮಾತ್ರ. 'ನೆಟ್ ಆಗಿದೆ' ಅಂತ ಊರಿನಲ್ಲಿ ಫ್ಲೆಕ್ಸ್ ಹಾಕಿಸುವ ಮೊದಲು ಯಾವ ಪಟ್ಟಿ ಅಂತ ನೋಡಿಕೊಳ್ಳಿ. ಫೆಲೋಶಿಪ್ ಇರುವುದು ಮೊದಲನೆಯದರಲ್ಲಿ. ಉಳಿದ ಎರಡು ಪಟ್ಟಿಯ ಅಂಕಗಳು ಪಿಎಚ್‌ಡಿ ಪ್ರವೇಶಕ್ಕೆ ಒಂದು ವರ್ಷ ನಡೆಯುತ್ತವೆ. ಅಲ್ಲಿ ನೆಟ್ ಅಂಕಕ್ಕೆ ಶೇ 70, ಸಂದರ್ಶನಕ್ಕೆ ಶೇ 30 ತೂಕ.

ಜೆಆರ್‌ಎಫ್‌ಗೆ ವಯಸ್ಸಿನ ಮಿತಿ 30. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಕೆನೆಪದರಕ್ಕೆ ಸೇರದ ಒಬಿಸಿ, ಅಂಗವಿಕಲರು ಮತ್ತು ಎಲ್ಲ ಮಹಿಳೆಯರಿಗೆ 5 ವರ್ಷ ಸಡಿಲಿಕೆ. ಆರ್ಥಿಕವಾಗಿ ಹಿಂದುಳಿದವರ ಇಡಬ್ಲ್ಯುಎಸ್ ಮೀಸಲಾತಿಯಲ್ಲಿ ಸೀಟು ಉಂಟು, ವಯಸ್ಸಿನ ಸಡಿಲಿಕೆ ಇಲ್ಲ. ಇದು ಗೊತ್ತಿಲ್ಲದೆ 31ನೇ ವಯಸ್ಸಿಗೆ ತಯಾರಿ ಶುರು ಮಾಡುವ ಹುಡುಗರಿದ್ದಾರೆ.

ಕನ್ನಡ ಮಾಧ್ಯಮದವರಿಗೆ ನೆಟ್‌ನಲ್ಲಿ ಕಷ್ಟ ಇರುವುದು ನಿಜ. ಭಾಷಾ ವಿಷಯಗಳನ್ನು ಬಿಟ್ಟರೆ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಎಂ.ಎ.ಯನ್ನು ಕನ್ನಡದಲ್ಲಿ ಬರೆದು ಪಾಸಾದವರಿಗೆ ವಿಷಯ ಗೊತ್ತಿರುತ್ತದೆ, ಪ್ರಶ್ನೆ ಅರ್ಥವಾಗುವುದಿಲ್ಲ. ಇದಕ್ಕೆ ದುಬಾರಿ ಕೋಚಿಂಗ್ ಬೇಕಿಲ್ಲ. ವಿಷಯವನ್ನು ಕನ್ನಡದಲ್ಲೇ ಓದಿ ಅರ್ಥ ಮಾಡಿಕೊಳ್ಳಿ. ಆಮೇಲೆ ಹಳೆಯ ಪ್ರಶ್ನೆಪತ್ರಿಕೆಗಳನ್ನು ಇಂಗ್ಲಿಷ್‌ನಲ್ಲಿ ಬಿಡಿಸಿ. ಅವು ಪುಕ್ಕಟೆ ಸಿಗುತ್ತವೆ. ಹತ್ತು ವರ್ಷದ ಪತ್ರಿಕೆ ಬಿಡಿಸಿದರೆ ನಿಮ್ಮ ವಿಷಯದ ಇಂಗ್ಲಿಷ್ ಪದಗಳು ತಾವಾಗಿಯೇ ಪರಿಚಯವಾಗುತ್ತವೆ.

ಮೊದಲ ಪತ್ರಿಕೆಯನ್ನು ಕಡೆಗಣಿಸಬೇಡಿ. ಅದರಲ್ಲಿ 10 ಘಟಕ, 50 ಪ್ರಶ್ನೆ, 100 ಅಂಕ. ತರ್ಕ, ಅಂಕಿ-ಅಂಶದ ಕೋಷ್ಟಕ, ಸಂಶೋಧನಾ ವಿಧಾನ, ಕಂಪ್ಯೂಟರ್, ಪರಿಸರ ಎಲ್ಲ ಬರುತ್ತವೆ. ವಿಷಯದ ಪತ್ರಿಕೆ 100 ಪ್ರಶ್ನೆ, 200 ಅಂಕ. ಎರಡೂ ಸೇರಿ ಮೂರು ಗಂಟೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದು ಪ್ರಶ್ನೆಯನ್ನೂ ಬಿಡಬೇಡಿ. ಜೆಆರ್‌ಎಫ್ ಕೂದಲೆಳೆಯಲ್ಲಿ ತಪ್ಪಿದವರನ್ನು ಕೇಳಿ ನೋಡಿ, ಬಹುಪಾಲು ಜನ ಅಂಕ ಕಳೆದುಕೊಂಡಿರುವುದು ಮೊದಲ ಪತ್ರಿಕೆಯಲ್ಲೇ.

ಕೆ-ಸೆಟ್ ಬಗ್ಗೆ ಒಂದೇ ಮಾತು. ಈಗ ಅದನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುತ್ತದೆ. ಅದು ರಾಜ್ಯದಲ್ಲಿ ಸಹಾಯಕ ಪ್ರಾಧ್ಯಾಪಕರಾಗುವ ಅರ್ಹತೆ ಕೊಡುತ್ತದೆ, ಫೆಲೋಶಿಪ್ ಕೊಡುವುದಿಲ್ಲ. ಬರೆಯಿರಿ, ಆದರೆ ಅದರಿಂದ ಪಿಎಚ್‌ಡಿಗೆ ದುಡ್ಡು ಬರುತ್ತದೆಂದು ಕಾಯಬೇಡಿ.

ನೆಟ್ ಅರ್ಜಿ ತುಂಬುವಾಗ ಪರಿಶಿಷ್ಟ ಜಾತಿ ಮತ್ತು ಒಬಿಸಿ ವಿದ್ಯಾರ್ಥಿಗಳು ರಾಷ್ಟ್ರೀಯ ಫೆಲೋಶಿಪ್‌ಗೆ ಪರಿಗಣಿಸಬೇಕೇ ಎಂಬ ಪ್ರಶ್ನೆಯನ್ನು ಗಮನಿಸಿ. ಜೆಆರ್‌ಎಫ್ ಪಟ್ಟಿಯಲ್ಲಿ ಹೆಸರು ಬರದಿದ್ದರೂ ನೆಟ್ ಅಂಕದ ಮೇಲೆ ಇವು ಸಿಗಬಹುದು. ಪರಿಶಿಷ್ಟ ಜಾತಿಯವರಿಗೆ ವರ್ಷಕ್ಕೆ 2,000 ಫೆಲೋಶಿಪ್‌ಗಳಿವೆ, ಅವುಗಳಲ್ಲಿ 1,500 ಮಾನವಿಕ ಮತ್ತು ಸಮಾಜ ವಿಜ್ಞಾನಕ್ಕೆ. ಒಬಿಸಿಗೆ 1,000. ಸೈಬರ್ ಸೆಂಟರ್‌ನವರ ಕೈಗೆ ಅರ್ಜಿ ಕೊಟ್ಟು ಟೀ ಕುಡಿಯಲು ಹೋಗಬೇಡಿ. ಆ ಒಂದು ಗುರುತನ್ನು ಹಾಕಿಸಲು ಪಕ್ಕದಲ್ಲೇ ಕೂತಿರಿ.

ಕಾಗದ ಪತ್ರ ಈಗಲೇ ಮಾಡಿಸಿ

ಇಲ್ಲಿ ಎಡವುವವರು ಹೆಚ್ಚಾಗಿ ಹಿಂದುಳಿದ ವರ್ಗದವರು. ನಮ್ಮ ರಾಜ್ಯದಲ್ಲಿ ಪ್ರವರ್ಗ 1, 2ಎ, 2ಬಿ, 3ಎ, 3ಬಿ ಇದೆ. ಕೇಂದ್ರದಲ್ಲಿ ಇರುವುದು ಒಂದೇ ಒಬಿಸಿ ಪಟ್ಟಿ. ಎರಡೂ ಒಂದೇ ಅಲ್ಲ. ರಾಜ್ಯದ ಪಟ್ಟಿಯಲ್ಲಿರುವ ಜಾತಿ ಕೇಂದ್ರದ ಪಟ್ಟಿಯಲ್ಲಿ ಇರಲೇಬೇಕೆಂದಿಲ್ಲ. ನೆಟ್‌ಗೆ, ಕೇಂದ್ರದ ಫೆಲೋಶಿಪ್‌ಗೆ ಬೇಕಾಗಿರುವುದು ಕೇಂದ್ರ ಸರ್ಕಾರದ ನಮೂನೆಯಲ್ಲಿರುವ, ಕೆನೆಪದರಕ್ಕೆ ಸೇರಿಲ್ಲ ಎನ್ನುವ ಪ್ರಮಾಣಪತ್ರ. ಎಸ್‌ಎಸ್‌ಎಲ್‌ಸಿ ನಂತರ ಮಾಡಿಸಿದ 3ಎ ಸರ್ಟಿಫಿಕೇಟ್ ಅಪ್‌ಲೋಡ್ ಮಾಡಿ ಅರ್ಜಿ ತಿರಸ್ಕಾರವಾದರೆ ಯಾರನ್ನೂ ದೂರುವ ಹಾಗಿಲ್ಲ. ಮೊದಲು ಕೇಂದ್ರದ ಪಟ್ಟಿಯಲ್ಲಿ ನಿಮ್ಮ ಜಾತಿಯ ಹೆಸರು ಯಾವ ರೀತಿಯಲ್ಲಿ ಬರೆದಿದೆ ಅಂತ ನೋಡಿ. ಇಲ್ಲದಿದ್ದರೆ, ಆದಾಯ ಮತ್ತು ಆಸ್ತಿಯ ಮಿತಿಯೊಳಗಿದ್ದರೆ, ಇಡಬ್ಲ್ಯುಎಸ್ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿ. ಅದು ಆಯಾ ಹಣಕಾಸು ವರ್ಷಕ್ಕೆ ಮಾತ್ರ ನಡೆಯುತ್ತದೆ.

ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಆಧಾರ್, ಜಾತಿ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ — ನಾಲ್ಕರಲ್ಲೂ ಹೆಸರು ಒಂದೇ ಥರ ಇರಬೇಕು. ನಮ್ಮ ಕಡೆ ಇನಿಶಿಯಲ್ ಮುಂದೆ ಬರುತ್ತದೆ, ಹಿಂದೆ ಬರುತ್ತದೆ, ಒಂದೊಂದು ಸಲ ಊರ ಹೆಸರೂ ಸೇರಿಕೊಂಡಿರುತ್ತದೆ. ಇದನ್ನು ಎಂ.ಎ. ಕೊನೇ ಸೆಮಿಸ್ಟರ್‌ನಲ್ಲೇ ಸರಿ ಮಾಡಿಸಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯೇ, ನೇರ ನಗದು ವರ್ಗಾವಣೆಗೆ ಅದೇ ಖಾತೆ ಗುರುತಾಗಿದೆಯೇ ಎನ್ನುವುದನ್ನು ಬ್ಯಾಂಕಿನಲ್ಲಿ ಕೇಳಿ. ಹಳೆಯ ಸ್ಕಾಲರ್‌ಶಿಪ್‌ಗೆಂದು ತೆರೆದು ಮರೆತುಹೋದ ಖಾತೆಗೆ ಫೆಲೋಶಿಪ್ ಹಣ ಹೋಗುವುದು ಅಪರೂಪವೇನಲ್ಲ.

ನೆಟ್ ಇಲ್ಲದೆಯೂ ಇರುವ ದಾರಿಗಳು

ಪರಿಶಿಷ್ಟ ಪಂಗಡದವರಿಗೆ ಕೇಂದ್ರದ ಬುಡಕಟ್ಟು ವ್ಯವಹಾರಗಳ ಸಚಿವಾಲಯ ವರ್ಷಕ್ಕೆ 750 ಫೆಲೋಶಿಪ್ ಕೊಡುತ್ತದೆ. ಇದಕ್ಕೆ ನೆಟ್ ಬೇಡ. ಸ್ನಾತಕೋತ್ತರ ಪದವಿಯ ಅಂಕದ ಮೇಲೆ ಆಯ್ಕೆ. ಪಾವಗಡ, ಮಧುಗಿರಿ, ಶಿರಾ ಕಡೆಯ ನಾಯಕ ಸಮುದಾಯದ ವಿದ್ಯಾರ್ಥಿಗಳು ಇದನ್ನು ಖಂಡಿತ ನೋಡಬೇಕು. ಎಂ.ಎ.ಯಲ್ಲಿ ಇನ್ನೂ ಓದುತ್ತಿದ್ದರೆ ಅಂಕದ ಬೆಲೆ ಈಗಲೇ ಗೊತ್ತಾಗಲಿ.

ಅಣ್ಣತಮ್ಮ, ಅಕ್ಕತಂಗಿ ಯಾರೂ ಇಲ್ಲದ ಒಬ್ಬಳೇ ಮಗಳಾಗಿದ್ದರೆ ಯುಜಿಸಿಯ ಸಾವಿತ್ರಿಬಾಯಿ ಜ್ಯೋತಿರಾವ್ ಫುಲೆ ಫೆಲೋಶಿಪ್ ಇದೆ. ಫುಲ್ ಟೈಮ್ ಪಿಎಚ್‌ಡಿಗೆ ಸೇರಿರಬೇಕು. ಸ್ಟ್ಯಾಂಪ್ ಪೇಪರ್ ಮೇಲೆ ಪೋಷಕರ ಅಫಿಡವಿಟ್ ಬೇಕು. ವಯಸ್ಸಿನ ಮಿತಿ 40, ಮೀಸಲಾತಿಯವರಿಗೆ 45. ಮದುವೆಯಾಗಿ ಮಕ್ಕಳು ದೊಡ್ಡವರಾದ ಮೇಲೆ ಓದಿಗೆ ಮರಳುವವರಿಗೂ ಇದು ತೆರೆದಿದೆ.

ಅಲ್ಪಸಂಖ್ಯಾತ ಸಮುದಾಯದವರಿಗೆ ಇದ್ದ ಮೌಲಾನಾ ಆಜಾದ್ ರಾಷ್ಟ್ರೀಯ ಫೆಲೋಶಿಪ್ 2022-23ರಿಂದ ನಿಂತಿದೆ. ಹಳೆಯ ವಿಡಿಯೊ ನೋಡಿ ಅದನ್ನು ಹುಡುಕುತ್ತಾ ಕೂರಬೇಡಿ. ರಾಜ್ಯದ ಅಲ್ಪಸಂಖ್ಯಾತರ ನಿರ್ದೇಶನಾಲಯ ಪಿಎಚ್‌ಡಿಯವರಿಗೆ ಅರ್ಜಿ ಕರೆಯುತ್ತದೆ. ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯೂ ಫುಲ್ ಟೈಮ್ ಪಿಎಚ್‌ಡಿಯವರಿಗೆ ಕೊಡುತ್ತದೆ. ಮೊತ್ತ ಸರ್ಕಾರದ ಆದೇಶದ ಜೊತೆ ಏರಿಳಿಯುತ್ತದೆ. ಅರ್ಜಿ ಕರೆದಾಗ ಕೊಡುವ ದಿನಗಳು ಕಡಿಮೆ. ಹಾಗಾಗಿ ತುಮಕೂರಿನ ಜಿಲ್ಲಾ ಕಚೇರಿಯಲ್ಲಿ ಆಗಾಗ ವಿಚಾರಿಸುತ್ತಿರಿ. ನಿಮ್ಮ ವಿಭಾಗದ ನೋಟಿಸ್ ಬೋರ್ಡನ್ನು ನಂಬಿ ಕೂತರೆ, ಕೊನೇ ದಿನಾಂಕ ಕಳೆದ ಮೇಲೆ ಸುತ್ತೋಲೆ ಅಂಟಿಸಿರುವುದು ಕಾಣಬಹುದು.

ಇನ್ನು ಎಲ್ಲ ಜಾತಿ, ವರ್ಗದವರಿಗೂ ತೆರೆದಿರುವುದು ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿಯ ಡಾಕ್ಟೋರಲ್ ಫೆಲೋಶಿಪ್. ಎಲ್ಲರೂ ಇದನ್ನು ಐಸಿಎಸ್‌ಎಸ್‌ಆರ್ ಅಂತಲೇ ಕರೆಯುತ್ತಾರೆ. 1969ರಲ್ಲಿ ಶುರುವಾದ ಸಂಸ್ಥೆ. ಪಿಎಚ್‌ಡಿಗೆ ನೋಂದಣಿ ಆಗಿ, ವಿಷಯ ಖಚಿತವಾಗಿರಬೇಕು. ಇತ್ತೀಚಿನ ಪ್ರಕಟಣೆಗಳ ಪ್ರಕಾರ ತಿಂಗಳಿಗೆ 20,000 ರೂಪಾಯಿ, ವರ್ಷಕ್ಕೆ 20,000 ಕಂಟಿಂಜೆನ್ಸಿ (ಪುಸ್ತಕ, ಓಡಾಟದಂಥ ಖರ್ಚಿಗೆ ಕೊಡುವ ಹಣ), ಎರಡು ವರ್ಷ. ವಯಸ್ಸಿನ ಮಿತಿ 40, ಪರಿಶಿಷ್ಟರಿಗೆ ಮತ್ತು ಅಂಗವಿಕಲರಿಗೆ 45. ಅಂದರೆ ಜೆಆರ್‌ಎಫ್ ವಯಸ್ಸು ದಾಟಿದವರಿಗೆ ಇದು ದೊಡ್ಡ ಆಸರೆ. ವಾಣಿಜ್ಯ, ನಿರ್ವಹಣಾ ಶಾಸ್ತ್ರ, ಶಿಕ್ಷಣ, ಕಾನೂನು, ಮನಶ್ಶಾಸ್ತ್ರದವರೂ ಅರ್ಜಿ ಹಾಕಬಹುದು. ಇತಿಹಾಸದವರಿಗೆ ಭಾರತೀಯ ಇತಿಹಾಸ ಸಂಶೋಧನಾ ಪರಿಷತ್ತಿನ ಕಿರಿಯ ಸಂಶೋಧನಾ ಫೆಲೋಶಿಪ್ ಪ್ರತ್ಯೇಕವಾಗಿದೆ. ಅದರ ದಕ್ಷಿಣ ಪ್ರಾದೇಶಿಕ ಕೇಂದ್ರ ಬೆಂಗಳೂರಿನಲ್ಲೇ ಇದೆ.

ಐಸಿಎಸ್‌ಎಸ್‌ಆರ್‌ನದು ಎರಡೇ ವರ್ಷ. ಅದನ್ನು ಯಾವಾಗ ಪಡೆಯಬೇಕು ಎನ್ನುವುದು ಮುಖ್ಯ. ಪಿಎಚ್‌ಡಿ ಶುರುವಿನ ತರಗತಿಗಳಾದ ಕೋರ್ಸ್‌ವರ್ಕ್ ಮುಗಿದು ಕ್ಷೇತ್ರಕಾರ್ಯ ಶುರುವಾಗುವ ಹೊತ್ತಿಗೆ ಸಿಕ್ಕರೆ ಆ ದುಡ್ಡಿಗೆ ಬೆಲೆ. ಕೋರ್ಸ್‌ವರ್ಕ್‌ನ ವರ್ಷ ಕಾಲೇಜಿಗೆ ಹೋಗಿಬಂದು ಹೇಗೋ ಕಳೆಯಬಹುದು. ಹಳ್ಳಿಯಲ್ಲಿ ತಿಂಗಳುಗಟ್ಟಲೆ ಇರಬೇಕಾದಾಗ ಕೈಯಲ್ಲಿ ಕಾಸಿರಬೇಕು.

ಹುಡುಕಾಟದಲ್ಲಿ ಆಗಾಗ ಕಣ್ಣಿಗೆ ಬೀಳುವ ರಾಜ್ಯದ ವಿಜ್ಞಾನ ತಂತ್ರಜ್ಞಾನ ಇಲಾಖೆಯ ಪಿಎಚ್‌ಡಿ ಫೆಲೋಶಿಪ್ ನಮಗಲ್ಲ, ಅದು ವಿಜ್ಞಾನ ಮತ್ತು ಎಂಜಿನಿಯರಿಂಗ್‌ನವರದು.

ಎಲ್ಲಿ ಸೇರುತ್ತೀರಿ ಎನ್ನುವುದೂ ಹಣದ ಪ್ರಶ್ನೆಯೇ

ತುಮಕೂರು ವಿಶ್ವವಿದ್ಯಾನಿಲಯ 2004ರಲ್ಲಿ ಶುರುವಾಯಿತು. ಕೋಲಾರ, ಚಿಕ್ಕಬಳ್ಳಾಪುರದವರಿಗೆ ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಇದೆ. ಮನೆಯಿಂದ ಓಡಾಡಬಹುದು, ಕ್ಷೇತ್ರ ಪಕ್ಕದಲ್ಲೇ ಇರುತ್ತದೆ. ಆದರೆ ಬೆಂಗಳೂರು ಬರೀ 70 ಕಿಲೋಮೀಟರ್ ದೂರದಲ್ಲಿದೆ ಎನ್ನುವುದನ್ನೂ ಮರೆಯಬೇಡಿ. ನಾಗರಬಾವಿಯಲ್ಲಿ ಐಸೆಕ್ (ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆ) ಇದೆ. ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ ಅವರು 1972ರಲ್ಲಿ ಕಟ್ಟಿದ ಸಂಸ್ಥೆ, ಐಸಿಎಸ್‌ಎಸ್‌ಆರ್ ನೆರವಿನಲ್ಲಿ ನಡೆಯುತ್ತದೆ. ಐಐಎಸ್‌ಸಿ ಆವರಣದ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆ ನಿಯಾಸ್‌ನಲ್ಲಿ ಸಮಾಜ ವಿಜ್ಞಾನದ ವಿಭಾಗವಿದೆ. ಕೆರೆ, ಕಾಡು, ನೀರಿನ ವಿಷಯ ಹಿಡಿದವರಿಗೆ ಜಕ್ಕೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀ ಇದೆ. ಇಂಥ ಕಡೆ ಪಿಎಚ್‌ಡಿ ಪ್ರವೇಶದ ಜೊತೆಗೇ ಸ್ಟೈಪೆಂಡ್ ಸಿಗುವ ಅವಕಾಶ ಇರುತ್ತದೆ. ಪ್ರವೇಶ ಪ್ರಕಟಣೆ ಬಂದಾಗ ಫೆಲೋಶಿಪ್ ಎಷ್ಟು ಜನಕ್ಕೆ, ಎಷ್ಟು ವರ್ಷಕ್ಕೆ ಎಂದು ಮೊದಲೇ ಕೇಳಿ. ಕೇಳಲು ನಾಚಿಕೆ ಬೇಡ.

ಗೈಡ್ ಹುಡುಕುವಾಗ ಒಂದು ಲೆಕ್ಕ ಗೊತ್ತಿರಲಿ. ಪ್ರೊಫೆಸರ್‌ಗೆ 8, ಅಸೋಸಿಯೇಟ್ ಪ್ರೊಫೆಸರ್‌ಗೆ 6, ಅಸಿಸ್ಟೆಂಟ್ ಪ್ರೊಫೆಸರ್‌ಗೆ 4 ವಿದ್ಯಾರ್ಥಿಗಳ ಮಿತಿ ಇದೆ. ಜೆಆರ್‌ಎಫ್ ಪತ್ರಕ್ಕೆ ಅವಧಿ ಇರುತ್ತದೆ. ಅದು ಕೈಯಲ್ಲಿದ್ದೂ ಗೈಡ್ ಬಳಿ ಸೀಟಿಲ್ಲದೆ ವರ್ಷ ಕಳೆದುಕೊಂಡವರಿದ್ದಾರೆ. ಪರೀಕ್ಷೆಗೆ ಓದುವಾಗಲೇ ಇಬ್ಬರು ಮೂವರು ಅಧ್ಯಾಪಕರನ್ನು ಭೇಟಿಯಾಗಿ, ಯಾರ ಹತ್ತಿರ ಯಾವಾಗ ಸೀಟು ಖಾಲಿಯಾಗುತ್ತದೆ ಎಂದು ತಿಳಿದುಕೊಂಡಿರಿ.

ಪ್ರಪೋಸಲ್: ನಿಮ್ಮೂರೇ ನಿಮ್ಮ ಬಂಡವಾಳ

ನೆಟ್‌ನಲ್ಲಿ ಸರಿ ಉತ್ತರಕ್ಕೆ ಅಂಕ. ಐಸಿಎಸ್‌ಎಸ್‌ಆರ್ ಆಗಲಿ, ಬೆಂಗಳೂರಿನ ಸಂಸ್ಥೆಗಳಾಗಲಿ ನೋಡುವುದು ಪ್ರಪೋಸಲ್, ಅಂದರೆ ಯಾವ ಪ್ರಶ್ನೆಯನ್ನು ಹೇಗೆ ಸಂಶೋಧಿಸುತ್ತೀರಿ ಎನ್ನುವ ಬರಹ. ಇಲ್ಲಿ ನಮ್ಮ ಜಿಲ್ಲೆಗಳವರು ದೆಹಲಿಯವರಿಗಿಂತ ಮುಂದಿರಬಹುದು. ಆದರೆ ಕೆಲವರು ಬರೆಯುವುದು ಹೀಗೆ: 'ಪಾವಗಡ ಸೋಲಾರ್ ಪಾರ್ಕ್: ಒಂದು ಸಮಾಜಶಾಸ್ತ್ರೀಯ ಅಧ್ಯಯನ.' ಶೀರ್ಷಿಕೆಯಲ್ಲಿ 'ಒಂದು ಅಧ್ಯಯನ' ಎಂದು ಕಂಡರೆ ಓದುವವರಿಗೆ ಅರ್ಧ ಉತ್ಸಾಹ ಇಳಿದುಹೋಗುತ್ತದೆ. ಇದರಲ್ಲಿ ಪ್ರಶ್ನೆ ಎಲ್ಲಿದೆ?

ಅದೇ ವಿಷಯವನ್ನು ಹಿಡಿದು ಪ್ರಶ್ನೆ ಹುಟ್ಟಿಸುವುದು ಹೇಗೆ ನೋಡೋಣ. ತಿರುಮಣಿ, ಬಳಸಮುದ್ರ, ವಳ್ಳೂರು ಮೊದಲಾದ ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೌರ ವಿದ್ಯುತ್ ಪಾರ್ಕ್ ಇದೆ. ಭೂಮಿಯನ್ನು ಕೊಂಡಿಲ್ಲ, ಗುತ್ತಿಗೆಗೆ ತೆಗೆದುಕೊಂಡಿದ್ದಾರೆ. ಗುತ್ತಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾಯಿತು. ಮಳೆ ಕೈಕೊಡುವ ಸೀಮೆಯಲ್ಲಿ ಭೂಮಿ ಇದ್ದವರಿಗೆ ಇದು ನಿಶ್ಚಿತ ಆದಾಯ. ಸರಿ, ಆ ಹೊಲದಲ್ಲಿ ಕಡಲೆಕಾಯಿ ಕಿತ್ತು ಕೂಲಿ ಪಡೆಯುತ್ತಿದ್ದ ಭೂಮಿ ಇಲ್ಲದವರಿಗೆ ಏನು ಸಿಕ್ಕಿತು? ಬೀಳು ಭೂಮಿಯಲ್ಲಿ ಕುರಿ ಮೇಯಿಸುತ್ತಿದ್ದವರು ಈಗ ಎಲ್ಲಿ ಮೇಯಿಸುತ್ತಾರೆ? ಗುತ್ತಿಗೆ ಹಣ ಗಂಡನ ಖಾತೆಗೆ ಬಂದಾಗ, ಹೊಲದಲ್ಲಿ ಸಮಸಮ ದುಡಿಯುತ್ತಿದ್ದ ಹೆಂಡತಿಯ ಕೈಯಲ್ಲಿ ಎಷ್ಟು ಉಳಿಯಿತು? ಈ ಮೂರರಲ್ಲಿ ಒಂದನ್ನು ಹಿಡಿಯಿರಿ. ಮೂರನ್ನೂ ಹಿಡಿದರೆ ಆರು ವರ್ಷದಲ್ಲೂ ಮುಗಿಯುವುದಿಲ್ಲ.

ಪ್ರಶ್ನೆ ಸಿಕ್ಕಿತು ಎಂದುಕೊಳ್ಳಿ. ಮುಂದೆ ಬೇರೆಯವರು ಏನು ಬರೆದಿದ್ದಾರೆ ನೋಡಬೇಕು. ಈ ಪಾರ್ಕ್ ಬಗ್ಗೆ ಈಗಾಗಲೇ ಲೇಖನಗಳು ಬಂದಿವೆ. ಶೋಧಗಂಗಾದಲ್ಲಿ ದೇಶದ ವಿಶ್ವವಿದ್ಯಾಲಯಗಳ ಥೀಸಿಸ್‌ಗಳು ಉಚಿತವಾಗಿ ಸಿಗುತ್ತವೆ. ನಿಮ್ಮ ವಿಷಯಕ್ಕೆ ಹತ್ತಿರದ ನಾಲ್ಕೈದು ಥೀಸಿಸ್ ಓದಿ. ಅವರು ನಿಲ್ಲಿಸಿದ ಕಡೆಯಿಂದ ನೀವು ಹೇಗೆ ಮುಂದೆ ಹೋಗುತ್ತೀರಿ ಎನ್ನುವುದನ್ನು ಅರ್ಧ ಪುಟದಲ್ಲಿ ಹೇಳಿ. 'ಈ ವಿಷಯದ ಮೇಲೆ ಇದುವರೆಗೆ ಯಾರೂ ಸಂಶೋಧನೆ ಮಾಡಿಲ್ಲ' ಎಂದು ಮಾತ್ರ ಬರೆಯಬೇಡಿ. ಓದುತ್ತಿರುವ ತಜ್ಞರೇ ಅದರ ಮೇಲೆ ಪುಸ್ತಕ ಬರೆದಿರಬಹುದು.

ವಿಧಾನದ ಭಾಗದಲ್ಲಿ ಎಷ್ಟು ನಿರ್ದಿಷ್ಟವಾಗಿರುತ್ತೀರೋ ಅಷ್ಟು ಒಳ್ಳೆಯದು. '200 ಜನರನ್ನು ಯಾದೃಚ್ಛಿಕವಾಗಿ ಆಯ್ಕೆ ಮಾಡಲಾಗುವುದು' ಎಂದರೆ ಏನೂ ಹೇಳಿದಂತಾಗಲಿಲ್ಲ. ಯಾವ ಹಳ್ಳಿ, ಏಕೆ ಆ ಹಳ್ಳಿ, ಪಾರ್ಕ್‌ನ ಹೊರಗಿನ ಯಾವ ಹಳ್ಳಿಯ ಜೊತೆ ಹೋಲಿಸುತ್ತೀರಿ, ಭೂಮಿ ಇಲ್ಲದ ಮನೆಗಳ ಪಟ್ಟಿ ಎಲ್ಲಿಂದ ತರುತ್ತೀರಿ? ನರೇಗಾ ಜಾಬ್ ಕಾರ್ಡ್‌ಗಳ ವಿವರ ಎಲ್ಲರಿಗೂ ನೋಡಲು ಸಿಗುತ್ತದೆ. ಪಹಣಿ 'ಭೂಮಿ'ಯಲ್ಲಿ ಸಿಗುತ್ತದೆ. ಗ್ರಾಮ ಪಂಚಾಯಿತಿಯ ದಾಖಲೆಗೆ ಪಿಡಿಒ ಅವರನ್ನು ಕೇಳಬೇಕು. ಇವನ್ನೆಲ್ಲ ಹೆಸರು ಹಿಡಿದು ಬರೆಯಿರಿ. ಪಾವಗಡದ ಹಳ್ಳಿಗಳಲ್ಲಿ ಮನೆಮಾತು ತೆಲುಗು ಆಗಿರುವವರು ಬಹಳ. ನಿಮಗೆ ಕನ್ನಡ, ತೆಲುಗು ಎರಡೂ ಬರುತ್ತಿದ್ದರೆ ಪ್ರಪೋಸಲ್‌ನಲ್ಲಿ ಒಂದು ಸಾಲು ಸೇರಿಸಿ. ದುಭಾಷಿ ಇಲ್ಲದೆ ಕ್ಷೇತ್ರಕಾರ್ಯ ಮಾಡಬಲ್ಲವರು ಎನ್ನುವುದು ಆಯ್ಕೆ ಸಮಿತಿಗೆ ದೊಡ್ಡ ವಿಷಯ. ನಮ್ಮವರು ಇದನ್ನು ಹೇಳಿಕೊಳ್ಳುವುದೇ ಇಲ್ಲ.

ಕಾಲಪಟ್ಟಿಯನ್ನೂ ಊರಿನ ಕಾಲಕ್ಕೆ ಹೊಂದಿಸಿ. ಬಿತ್ತನೆ, ಕಳೆ, ಕಡಲೆಕಾಯಿ ಕೀಳುವ ದಿನಗಳಲ್ಲಿ ಯಾರೂ ನಿಮ್ಮ ಪ್ರಶ್ನಾವಳಿಗೆ ಕೂತು ಉತ್ತರ ಕೊಡುವುದಿಲ್ಲ. ಬೇಸಿಗೆಯಲ್ಲಿ ಕೂಲಿಯವರು ಬೆಂಗಳೂರಿಗೆ ಗುಳೆ ಹೋಗಿರುತ್ತಾರೆ. ಜಾತ್ರೆ, ಹಬ್ಬಕ್ಕೆ ವಾಪಸ್ ಬರುತ್ತಾರೆ. ಇದನ್ನು ಗಮನಿಸಿ ಮಾಡಿದ ಕಾಲಪಟ್ಟಿ ನೋಡಿದರೆ ಇವರಿಗೆ ಕ್ಷೇತ್ರ ಗೊತ್ತಿದೆ ಎನ್ನುವುದು ಓದುವವರಿಗೆ ತಿಳಿಯುತ್ತದೆ.

ಪಕ್ಕದ ಜಿಲ್ಲೆಗಳಲ್ಲೂ ಇಂಥ ವಿಷಯಕ್ಕೆ ಬರ ಇಲ್ಲ. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ 2018ರಿಂದ ಕೋಲಾರದ ಕೆರೆಗಳಿಗೆ ಹರಿಸುತ್ತಿರುವ ಕೆ.ಸಿ. ವ್ಯಾಲಿ ಯೋಜನೆ ಇದೆ. 2001ರಲ್ಲಿ ಮುಚ್ಚಿದ ಚಿನ್ನದ ಗಣಿಯ ಕಾಲೊನಿಗಳಿವೆ. ಶಿಡ್ಲಘಟ್ಟದ ರೇಷ್ಮೆ ಬಿಚ್ಚಾಣಿಕೆಯ ಮನೆಗಳಿವೆ. 1938ರಲ್ಲಿ ಗೋಲಿಬಾರ್ ಆದ ವಿದುರಾಶ್ವತ್ಥ ಇದೆ.

ಕರಡನ್ನು ಮೊದಲು ಕನ್ನಡದಲ್ಲಿ ಬರೆಯಿರಿ. ವಿಚಾರ ಸ್ಪಷ್ಟವಾದ ಮೇಲೆ ಇಂಗ್ಲಿಷ್‌ಗೆ ತನ್ನಿ. ಇಂಗ್ಲಿಷ್ ಸರಿ ಮಾಡಿಕೊಡಲು ಇಂಗ್ಲಿಷ್ ವಿಭಾಗದ ಗೆಳೆಯರನ್ನು ಕೇಳಿ, ಒಂದು ಊಟ ಹಾಕಿಸಿ. 'ಸಿನಾಪ್ಸಿಸ್ ಬರೆದುಕೊಡುತ್ತೇವೆ' ಎಂದು ಬೋರ್ಡ್ ಹಾಕಿಕೊಂಡವರ ಹತ್ತಿರ ಹೋಗಬೇಡಿ. ಒಂದೇ ಪಠ್ಯವನ್ನು ಹೆಸರು ಬದಲಿಸಿ ನಾಲ್ಕು ಜನಕ್ಕೆ ಮಾರುತ್ತಾರೆ. ಸಂದರ್ಶನದಲ್ಲಿ ಎರಡನೇ ಪ್ರಶ್ನೆಗೇ ಬಣ್ಣ ಬಯಲಾಗುತ್ತದೆ.

ಬಜೆಟ್

ಕಂಟಿಂಜೆನ್ಸಿ ಹಣ ಪುಸ್ತಕ, ಜೆರಾಕ್ಸ್, ಕ್ಷೇತ್ರದ ಓಡಾಟ, ಟೈಪಿಂಗ್‌ಗೆ. ಮೇಜು, ಕುರ್ಚಿ ಕೊಳ್ಳುವ ಹಾಗಿಲ್ಲ. ಸಮಾಜ ವಿಜ್ಞಾನದ ಜೆಆರ್‌ಎಫ್‌ನವರಿಗೆ ಮೊದಲ ಎರಡು ವರ್ಷ ವರ್ಷಕ್ಕೆ 10,000, ಆಮೇಲೆ 20,500. ಇದು ಕಡಿಮೆಯೇ. ಮಹಿಳೆಯರಿಗೆ ಶಕ್ತಿ ಯೋಜನೆಯಿಂದ ಸಾಮಾನ್ಯ ಸರ್ಕಾರಿ ಬಸ್ಸು ಪುಕ್ಕಟೆ, ಅದು ಸಂಶೋಧಕಿಯರಿಗೂ ಒಳ್ಳೆಯದೇ ಆಯಿತು. ಆದರೆ ಒಳಹಳ್ಳಿಗೆ ಹೋಗುವ ಖಾಸಗಿ ಬಸ್ಸು, ಆಟೋಗೆ ದುಡ್ಡು ಬೇಕೇ ಬೇಕು. ಎಲ್ಲಕ್ಕೂ ಬಿಲ್ ಇಡಿ. ಬಿಲ್ ಸಿಗದ ಖರ್ಚಿಗೆ ದಿನಾಂಕ, ಊರು, ಮೊತ್ತ ಬರೆದ ವೋಚರ್ ಮಾಡಿ ಗೈಡ್ ಸಹಿ ಹಾಕಿಸಿ. ವರ್ಷದ ಕೊನೆಗೆ ಒಟ್ಟಿಗೆ ಕೂತು ಬರೆಯುತ್ತೇನೆಂದರೆ ಆಗುವ ಕೆಲಸವಲ್ಲ.

ಹೊರದೇಶದ ಆಸೆ ಇದ್ದರೆ

ಫುಲ್‌ಬ್ರೈಟ್-ನೆಹರೂ ಡಾಕ್ಟೋರಲ್ ಫೆಲೋಶಿಪ್ 6ರಿಂದ 9 ತಿಂಗಳು ಅಮೆರಿಕದಲ್ಲಿ ಕೂತು ಥೀಸಿಸ್ ಕೆಲಸ ಮಾಡಲು ಹಣ ಕೊಡುತ್ತದೆ. ಇಲ್ಲಿ ಪಿಎಚ್‌ಡಿಗೆ ನೋಂದಣಿಯಾಗಿ ಒಂದು ವರ್ಷವಾದರೂ ಆಗಿರಬೇಕು. ಪರಿಶಿಷ್ಟ ಜಾತಿಯವರಿಗೆ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಇದೆ. ಅದರಲ್ಲಿ ಒಂದು ದೊಡ್ಡ ತೊಡಕಿದೆ. 2022-23ರ ಮಾರ್ಗಸೂಚಿಯಿಂದ ಭಾರತದ ಸಂಸ್ಕೃತಿ, ಇತಿಹಾಸ, ಸಮಾಜದ ಮೇಲಿನ ವಿಷಯಗಳನ್ನು ಕೈಬಿಟ್ಟಿದ್ದಾರೆ. ದಲಿತ ವಿದ್ಯಾರ್ಥಿ ಹೊರದೇಶದಲ್ಲಿ ಕೂತು ಜಾತಿಯ ಬಗ್ಗೆ ಓದಲು ಆ ಹಣ ಸಿಗುವುದಿಲ್ಲ ಅಂದಹಾಗಾಯಿತು. ನನಗೆ ಇದು ಸರಿ ಅನ್ನಿಸುವುದಿಲ್ಲ. ರಾಜ್ಯ ಸರ್ಕಾರದ ಪ್ರಬುದ್ಧ ಯೋಜನೆಯನ್ನೂ ಪರಿಶಿಷ್ಟ ಜಾತಿ, ಪಂಗಡದವರು ವಿಚಾರಿಸಿ ನೋಡಬೇಕು.

ಸಿಕ್ಕ ಮೇಲೆ: ಹಣ ಖಾತೆಗೆ ಬರುವವರೆಗೆ

ಪತ್ರ ಬಂತು ಎಂದರೆ ಹಣ ಬಂತು ಎಂದಲ್ಲ. ಜಾಯಿನಿಂಗ್ ರಿಪೋರ್ಟ್‌ಗೆ ಗೈಡ್, ವಿಭಾಗದ ಮುಖ್ಯಸ್ಥರು, ರಿಜಿಸ್ಟ್ರಾರ್ ಕಚೇರಿ ಮೂರೂ ಕಡೆ ಸಹಿ ಆಗಬೇಕು. ಜೆಆರ್‌ಎಫ್ ಹಣ ಕೆನರಾ ಬ್ಯಾಂಕಿನ ಪೋರ್ಟಲ್ ಮೂಲಕ ನೇರವಾಗಿ ನಿಮ್ಮ ಖಾತೆಗೆ ಬರುತ್ತದೆ. ಅದಕ್ಕೆ ನಿಮ್ಮ ವಿಶ್ವವಿದ್ಯಾಲಯದಲ್ಲಿ ಒಬ್ಬರು ಮೇಕರ್, ಒಬ್ಬರು ಚೆಕರ್ ಇರುತ್ತಾರೆ. ಮೇಕರ್ ನಿಮ್ಮ ಹಾಜರಿಯನ್ನು ಪ್ರತಿ ತಿಂಗಳು ನಮೂದಿಸಬೇಕು, ಚೆಕರ್ ಅದನ್ನು ಒಪ್ಪಬೇಕು. ಇಬ್ಬರಲ್ಲಿ ಒಬ್ಬರು ರಜೆ ಹಾಕಿದರೂ, ವರ್ಗವಾದರೂ ನಿಮ್ಮ ಹಣ ನಿಲ್ಲುತ್ತದೆ. ಅವರಿಬ್ಬರು ಯಾರು, ಯಾವ ಕೊಠಡಿಯಲ್ಲಿ ಕೂರುತ್ತಾರೆ ಎಂದು ಸೇರಿದ ವಾರವೇ ತಿಳಿದುಕೊಳ್ಳಿ. ತಿಂಗಳ ಕೊನೆಯಲ್ಲಿ ಹೋಗಿ ಮುಖ ತೋರಿಸಿ ಬನ್ನಿ. 'ಸರ್, ನನ್ನದು ಈ ತಿಂಗಳು ಆಯ್ತಾ?' ಎಂದು ವಿನಯದಿಂದ ಕೇಳಿದರೆ ಸಾಕು, ಜಗಳ ಬೇಡ.

ಮೊದಲ ಕಂತು ತಡವಾಗುತ್ತದೆ ಎಂದೇ ಇಟ್ಟುಕೊಳ್ಳಿ. ಆಮೇಲೆ ಬಾಕಿ ಎಲ್ಲ ಒಟ್ಟಿಗೆ ಬರುತ್ತದೆ. ಅಲ್ಲಿಯವರೆಗೆ ಬಾಡಿಗೆ, ಊಟಕ್ಕೆ ಆರು ತಿಂಗಳ ದುಡ್ಡು ಕೈಯಲ್ಲಿರಲಿ. ಅತಿಥಿ ಉಪನ್ಯಾಸಕರಾಗಿರುವವರು ಬಿಡುವ ಮುನ್ನ ಒಂದು ಸೆಮಿಸ್ಟರ್ ಉಳಿತಾಯ ಮಾಡಿಕೊಳ್ಳಿ. ಬಾಕಿ ಬಂದ ದಿನ ಹೊಸ ಬೈಕ್ ಬುಕ್ ಮಾಡಬೇಡಿ, ಮುಂದಿನ ಕಂತೂ ತಡವಾಗಬಹುದು. ಐಸಿಎಸ್‌ಎಸ್‌ಆರ್ ಹಣ ಸಂಸ್ಥೆಯ ಮೂಲಕ ಕಂತುಗಳಲ್ಲಿ ಬರುತ್ತದೆ. ಪ್ರಗತಿ ವರದಿ ಕೊಡದೆ ಮುಂದಿನ ಕಂತು ಬಿಡುವುದಿಲ್ಲ. ಹಣಕಾಸು ವಿಭಾಗದವರ ಜೊತೆ ಒಳ್ಳೆಯ ಮಾತುಕತೆ ಇಟ್ಟುಕೊಂಡರೆ ಖರ್ಚಿನ ಪ್ರಮಾಣಪತ್ರ ಬೇಗ ಆಗುತ್ತದೆ.

ಜೆಆರ್‌ಎಫ್‌ನವರಿಗೆ ಸಾರ್ವಜನಿಕ ರಜೆ ಬಿಟ್ಟು ವರ್ಷಕ್ಕೆ 30 ದಿನ ರಜೆ ಇದೆ. ಕ್ಷೇತ್ರಕಾರ್ಯ ರಜೆ ಅಲ್ಲ. ಹೋಗುವ ಮುಂಚೆ ಗೈಡ್‌ರಿಂದ ಲಿಖಿತ ಅನುಮತಿ ಪಡೆದು ವಿಭಾಗದಲ್ಲಿ ಒಂದು ಪ್ರತಿ ಕೊಟ್ಟು ಹೋಗಿ. ಇಲ್ಲದಿದ್ದರೆ ಹಾಜರಿ ಪುಸ್ತಕದಲ್ಲಿ ಗೈರು ಎಂದು ಬಿದ್ದು ಆ ತಿಂಗಳ ಹಣಕ್ಕೆ ಕೊಕ್ಕೆ.

ಎರಡು ವರ್ಷ ಮುಗಿಯುವ ಹೊತ್ತಿಗೆ 37,000 ತಾನಾಗಿಯೇ 42,000 ಆಗುವುದಿಲ್ಲ. ಹೊರಗಿನ ತಜ್ಞರೊಬ್ಬರು ಸೇರಿ ಮೂವರ ಸಮಿತಿ ನಿಮ್ಮ ಕೆಲಸ ನೋಡಿ ಶಿಫಾರಸು ಮಾಡಬೇಕು. ಹೊರಗಿನವರ ದಿನಾಂಕ ಹೊಂದಿಸುವುದೇ ಕಷ್ಟ. 20ನೇ ತಿಂಗಳಿಗೇ ಗೈಡ್‌ಗೆ ನೆನಪಿಸಿ. ಎರಡು ಅಧ್ಯಾಯದ ಕರಡು, ಕ್ಷೇತ್ರಕಾರ್ಯದ ಟಿಪ್ಪಣಿ, ಹಾಜರಾದ ಸೆಮಿನಾರ್‌ಗಳ ಪ್ರಮಾಣಪತ್ರ ಒಂದು ಫೈಲಿನಲ್ಲಿ ಜೋಡಿಸಿ ಮೂರು ಪ್ರತಿ ಮಾಡಿಸಿ. ಸಮಿತಿ ಕೂತ ದಿನವೇ ನಮೂನೆಗೆ ಮೂವರ ಸಹಿ ಹಾಕಿಸಿಕೊಂಡು, ಅದು ಪೋರ್ಟಲ್‌ಗೆ ಏರಿತೇ ಎಂದು ಮೇಕರ್ ಹತ್ತಿರ ಕೇಳಿಯೇ ಮನೆಗೆ ಹೋಗಿ.